ಮದ್ದಳೆ ಕೊಟ್ಟವಳು

ನಾನು ಕಳ್ಳಕವಟಗಿಯವನು. ಊರಿನ ಹೆಸರು ಕೇಳಿದೊಡನೆ ತುಟಿಯಂಚಿನಲ್ಲಿ ನಗುವವರನ್ನು ಚಿಕ್ಕಂದಿನಿಂದಲೂ ಕಂಡಿದ್ದೇನೆ. ಹೆಸರಿನ ಮೊದಲಲ್ಲಿಯೇ ಕಳ್ಳನನ್ನು ಇಟ್ಟುಕೊಂಡ ಊರಿನವನು ಗೂಢಚಾರರ ಬಗೆಗೆ ಮಾತನಾಡಲು ಹೊರಟರೆ ಅವರು ಇನ್ನಷ್ಟು ನಕ್ಕಾರು. ನಗಲಿ. ನಮ್ಮೂರಿನಿಂದ ತಿಕೋಟಾ ಹಾಯ್ದು ವಿಜಾಪುರಕ್ಕೆ ಹೋಗುವ ದಾರಿಯಲ್ಲಿ, ಪಟ್ಟಣ ಇನ್ನೂ ಕೆಲವು ಮೈಲಿ ಇರುವಾಗಲೇ, ತೊರವೆ ಸಿಗುತ್ತದೆ. ಕುಮಾರವಾಲ್ಮೀಕಿಯ ತೊರವೆ, ನರಸಿಂಹನ ತೊರವೆ. ಅದರ ಮಗ್ಗುಲಲ್ಲಿಯೇ ಎರಡನೆಯ ಇಬ್ರಾಹಿಂ ಆದಿಲಶಾಹನು 1599ರಲ್ಲಿ ಕಟ್ಟಲು ತೊಡಗಿದ ನವರಸಪುರದ ಅವಶೇಷಗಳಿವೆ. ಸಂಗೀತಕ್ಕಾಗಿಯೇ ಒಂದು ನಗರವನ್ನು ಕಟ್ಟಹೊರಟ ಅರಸ ಆತ. ಕಾಲು ಶತಮಾನ ತುಂಬುವ ಹೊತ್ತಿಗೆ, 1624ರಲ್ಲಿ, ಮಲಿಕಂಬರನ ದಂಡು ಬಂದು ಅದನ್ನು ಹಾಳುಗೆಡವಿತು.

ಈ ಇಬ್ರಾಹಿಮನ ಆಸ್ಥಾನದಲ್ಲಿ ಒಬ್ಬ ಚರಿತ್ರಕಾರನಿದ್ದ. ಕ್ಯಾಸ್ಪಿಯನ್ ಸಮುದ್ರದ ದಂಡೆಯ ಅಸ್ತರಾಬಾದಿನಲ್ಲಿ ಹುಟ್ಟಿ, ಎಳವೆಯಲ್ಲಿಯೇ ಅಹಮದನಗರಕ್ಕೆ ಬಂದು, 1589ರಲ್ಲಿ ವಿಜಾಪುರ ಸೇರಿದ ಮಹಮ್ಮದ್ ಖಾಸಿಂ ಫರಿಷ್ತಾ. ದಖ್ಖನ್ನಿನ ಸುಲ್ತಾನರ ಬಗೆಗೆ ನಾವು ಇಂದಿಗೂ ಆಡಿಕೊಳ್ಳುವ ಮಾತುಗಳಲ್ಲಿ ಅರ್ಧದಷ್ಟು ಈತ ನಮ್ಮ ಪಟ್ಟಣದಲ್ಲಿ ಕುಳಿತು ಪಾರಸಿಯಲ್ಲಿ ಬರೆದ ಗ್ರಂಥದಿಂದ ಬಂದವು. 1829ರಲ್ಲಿ ಜಾನ್ ಬ್ರಿಗ್ಸ್ ಅದನ್ನು ಇಂಗ್ಲಿಷಿಗೆ ತಿರುಗಿಸಿದ. ವಿಜಯನಗರದ ಕಥೆಯನ್ನು 1900ರಲ್ಲಿ ಬರೆದ ರಾಬರ್ಟ್ ಸಿವೆಲ್ ಫರಿಷ್ತಾನಿಂದ ಪುಟಗಟ್ಟಲೆ ಎತ್ತಿಕೊಂಡ. ಆ ಪುಟಗಳಲ್ಲಿ ಒಂದು ಪ್ರಸಂಗವನ್ನು ನಾನು ವಿದ್ಯಾರ್ಥಿಯಾಗಿದ್ದಾಗಲೇ ಓದಿದ್ದೆ. ಓದಿ, ಒಂದು ಸೊಗಸಾದ ಸಾಹಸಕಥೆಯೆಂದು ಮೆಚ್ಚಿ, ಮರೆತಿದ್ದೆ.

ಅದು ಮತ್ತೆ ನೆನಪಾದದ್ದು ಒಂದು ಚೀನೀ ಚಲನಚಿತ್ರದಿಂದ. ಬೆಂಗಳೂರಿನಲ್ಲಿ ಮಗನ ಮನೆಯಲ್ಲಿ ಕೆಲವು ದಿನ ಇದ್ದಾಗ ಅದನ್ನು ನೋಡಿದೆ. ಆಂಗ್ ಲೀ ಎಂಬ ತೈವಾನಿನ ನಿರ್ದೇಶಕ 2007ರಲ್ಲಿ ಮಾಡಿದ ಚಿತ್ರ. ಆ ವರ್ಷ ವೆನಿಸ್ ಉತ್ಸವದಲ್ಲಿ ಚಿನ್ನದ ಸಿಂಹ ಪಡೆದದ್ದು. ಜಪಾನೀಯರ ಕೈವಶವಾದ ಷಾಂಘಾಯಿಯಲ್ಲಿ, ಶತ್ರುವಿನೊಡನೆ ಕೈಗೂಡಿಸಿದ ಒಬ್ಬ ಅಧಿಕಾರಿಯನ್ನು ಕೊಲ್ಲುವುದಕ್ಕಾಗಿ ಅವನ ಪ್ರೇಯಸಿಯಾಗಿ ನಟಿಸುವ ಹುಡುಗಿಯ ಕಥೆ. ಅದರಲ್ಲಿ ಆಕಾಶವಾಣಿಯ ಮೂಲಕ ವಿವರಿಸಬಾರದ ಕೆಲವು ದೃಶ್ಯಗಳಿವೆ. ಮಗ ಎದ್ದು ಅಡುಗೆಮನೆಗೆ ಹೋದ, ನಾನು ಕನ್ನಡಕ ಒರೆಸಿಕೊಳ್ಳುತ್ತ ಕುಳಿತೆ. ಕಥೆಯ ಕೊನೆಗೆ ಆ ಇಬ್ಬರೂ ಒಂದು ಒಡವೆ ಅಂಗಡಿಗೆ ಹೋಗುತ್ತಾರೆ. ಅಂಗಡಿಕಾರ ಭಾರತೀಯ. ಆ ಪಾತ್ರದಲ್ಲಿ ನಮ್ಮ ಅನುಪಮ್ ಖೇರ್ ಕಾಣಿಸಿಕೊಂಡಾಗ, ದೂರದ ಊರಿನ ಜಾತ್ರೆಯಲ್ಲಿ ಅನಿರೀಕ್ಷಿತವಾಗಿ ಪರಿಚಯದ ಮುಖ ಕಂಡಂತಾಯಿತು. ಆಗಿನ ಷಾಂಘಾಯಿಯಲ್ಲಿ ಭಾರತೀಯರು ಅಪರೂಪವೇನಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೇ ಅಲ್ಲಿಯ ವಿದೇಶೀ ವಸತಿಯ ಬೀದಿಗಳಲ್ಲಿ ಸಿಖ್ ಪೊಲೀಸರು ಪಹರೆ ನಿಲ್ಲುತ್ತಿದ್ದರು. ಇರಲಿ. ಆ ಅಂಗಡಿಯ ಮಹಡಿಯಲ್ಲಿ ಹುಡುಗಿಯ ಬೆರಳಿಗೆ ಉಂಗುರ ಏರಿದ ಕ್ಷಣದಲ್ಲಿಯೇ ನನಗೆ ಫರಿಷ್ತಾನ ಪುಟ ನೆನಪಿಗೆ ಬಂದದ್ದು.

ಪ್ರಸಂಗ ಹೀಗಿದೆ. ವರ್ಷ 1398. ಹಿಂದಿನ ವರ್ಷವಷ್ಟೇ ಕಲಬುರ್ಗಿಯಲ್ಲಿ ಫಿರೋಜಶಾಹ ಬಹಮನಿ ಗದ್ದುಗೆಯೇರಿದ್ದಾನೆ. ರಾಯಚೂರು ಮುದಗಲ್ಲುಗಳ ದೋಆಬಿಗಾಗಿ ವಿಜಯನಗರದ ರಾಯ ದೊಡ್ಡ ದಂಡು ತಂದು ಕೃಷ್ಣೆಯ ತೆಂಕಣ ದಂಡೆಯಲ್ಲಿ ಬೀಡುಬಿಟ್ಟಿದ್ದಾನೆ. ಬಬಲೇಶ್ವರದ ದಾರಿ ಹಿಡಿದು ದಕ್ಷಿಣಕ್ಕೆ ಹೋದರೆ ನಮಗೆ ಸಿಗುವ ಅದೇ ಕೃಷ್ಣೆ, ಇನ್ನೂ ಬಹು ಕೆಳಗೆ. ನದಿ ತುಂಬಿ ಹರಿಯುತ್ತಿದೆ. ಸುಲ್ತಾನನ ಸೈನ್ಯ ಚಿಕ್ಕದು. ಎದುರಿನ ದಂಡೆಯುದ್ದಕ್ಕೂ ಕಾವಲಿದೆ. ದಾಟುವ ಬಗೆ ತಿಳಿಯದು. ಆಗ ಖಾಜಿ ಸಿರಾಜ್ ಎಂಬವನು ಮುಂದೆ ಬಂದು ಒಂದು ಉಪಾಯ ಹೇಳುತ್ತಾನೆ. ಏಳು ಮಂದಿ ಗೆಳೆಯರೊಡನೆ ಫಕೀರರ ವೇಷದಲ್ಲಿ ನದಿ ದಾಟಿ ರಾಯನ ಬೀಡನ್ನು ಹೊಕ್ಕು ನೇರವಾಗಿ ನರ್ತಕಿಯರ ಬಿಡಾರಗಳಿದ್ದ ಕಡೆಗೆ ಹೋಗುತ್ತಾನೆ.

ಅಲ್ಲಿ ಒಬ್ಬ ಚೆಲುವೆಯನ್ನು ಕಂಡು ಮನಸೋತವನಂತೆ ನಟಿಸುತ್ತಾನೆ. ಹುಚ್ಚು ಪ್ರೇಮಿಯ ಸೋಗನ್ನು ಎಷ್ಟು ಚೆನ್ನಾಗಿ ಹಾಕುತ್ತಾನೆಂದರೆ ಅವಳು ನಂಬುತ್ತಾಳೆ. ಸಂಜೆ ಅವಳು ಒಡವೆ ವಸ್ತ್ರ ತೊಟ್ಟು ಹೊರಡಲು ಅಣಿಯಾದಾಗ ಅವಳ ಕಾಲಿಗೆ ಬಿದ್ದು, ಹೋಗಬೇಡ, ಇಲ್ಲವೆ ನನ್ನನ್ನೂ ಕರೆದೊಯ್ಯಿ ಎಂದು ಹಲುಬುತ್ತಾನೆ. ರಾಯನ ಮಗನ ಡೇರೆಯಲ್ಲಿ ಇಂದು ಮೇಜವಾನಿ, ಅಪ್ಪಣೆ ಮೀರಲಾರೆ, ವಾದ್ಯಗಾರರು ಕುಣಿತದವರಿಗಲ್ಲದೆ ಅಲ್ಲಿ ಬೇರೆಯವರಿಗೆ ಪ್ರವೇಶವಿಲ್ಲ ಎನ್ನುತ್ತಾಳೆ ಅವಳು. ನನಗೂ ನಿನ್ನ ವಾದ್ಯ ಬರುತ್ತದೆ ಎನ್ನುತ್ತಾನೆ ಖಾಜಿ. ತಮಾಷೆಯೆಂದು ತಿಳಿದು ಅವಳು ತನ್ನ ವಾದ್ಯವನ್ನು ಅವನ ಕೈಗೆ ಕೊಡುತ್ತಾಳೆ. ಫರಿಷ್ತಾ ಅದನ್ನು ಮಂದಲ್ ಎನ್ನುತ್ತಾನೆ. ಅದು ನಮ್ಮ ಮದ್ದಳೆಯೇ ಇರಬೇಕು. ಅವನ ಕೈಯೋ ಪಳಗಿದ ಕೈ. ಕೇಳಿ ಅವಳಿಗೆ ಹಿಗ್ಗು. ಇಂಥವನು ಜೊತೆಗಿದ್ದರೆ ಉಳಿದ ನರ್ತಕಿಯರ ನಡುವೆ ತನ್ನ ಮಾನ ಹೆಚ್ಚುತ್ತದೆಂದು ಅವಳೇ ಅವನನ್ನು ರಾಜಕುಮಾರನ ಡೇರೆಗೆ ಕರೆದುಕೊಂಡು ಹೋಗುತ್ತಾಳೆ.

ಮುಂದಿನದು ಬೇಗನೆ ಮುಗಿಯುತ್ತದೆ. ನರ್ತನಗಳಾದ ಮೇಲೆ ವಿನೋದದ ಆಟದವರ ಸರದಿ. ಅವಳೇ ಅಪ್ಪಣೆ ಬೇಡಿ ಪಡೆಯುತ್ತಾಳೆ. ಖಾಜಿಯೂ ಅವನ ಗೆಳೆಯನೊಬ್ಬನೂ ಹೆಣ್ಣುವೇಷ ತೊಟ್ಟು ಬಂದು ಕುಣಿಯುತ್ತಾರೆ. ಕಠಾರಿಗಳನ್ನು ಹಿರಿದು ತಿರುಗಿಸುವುದು ದಖ್ಖನ್ನಿನ ಕುಣಿತದಲ್ಲಿ ವಾಡಿಕೆಯೇ ಆದ್ದರಿಂದ ಯಾರಿಗೂ ಸಂಶಯವಿಲ್ಲ. ತಿರುಗುತ್ತ ಮುಂದೆ ಬಂದು, ಹಿಂದೆ ಸರಿದು, ಮತ್ತೆ ಮುಂದೆ ಬಂದು, ಎರಡೂ ಕಠಾರಿಗಳನ್ನು ರಾಜಕುಮಾರನ ಎದೆಗೆ ಇಳಿಸುತ್ತಾರೆ. ಹೊರಗೆ ಕಾದಿದ್ದ ಗೆಳೆಯರು ಡೇರೆಯ ಬಟ್ಟೆಯನ್ನು ಸೀಳಿ ಒಳನುಗ್ಗುತ್ತಾರೆ. ಕುಡಿದು ಮೈಮರೆತವರನ್ನು ಕೊಂದು, ದೀಪಗಳನ್ನೆಲ್ಲ ಆರಿಸಿ, ಆ ಸೀಳಿನಿಂದಲೇ ಹೊರಬಿದ್ದು ಗುಂಪಿನಲ್ಲಿ ಬೆರೆಯುತ್ತಾರೆ. ರಾತ್ರಿ ಕಗ್ಗತ್ತಲೆ, ಬೀಡು ಹತ್ತು ಮೈಲಿಯಷ್ಟು ಹರಡಿದೆ, ಒಂದು ಕಡೆಯ ಸುದ್ದಿ ಇನ್ನೊಂದು ಕಡೆಗೆ ಹತ್ತು ಬಗೆಯಾಗಿ ಮುಟ್ಟುತ್ತದೆ. ಆ ಗದ್ದಲದಲ್ಲಿ ಸುಲ್ತಾನನ ನಾಲ್ಕು ಸಾವಿರ ಮಂದಿ ದೋಣಿಗಳಲ್ಲಿ ನದಿ ದಾಟುತ್ತಾರೆ. ಬೆಳಗಾಗುವ ಹೊತ್ತಿಗೆ ರಾಯ ಮಗನ ಹೆಣವನ್ನು ಎತ್ತಿಕೊಂಡು ವಿಜಯನಗರದ ಕಡೆಗೆ ಹಿಮ್ಮೆಟ್ಟಿರುತ್ತಾನೆ.

ಇದು ನಡೆದದ್ದೇ ಹೌದೆ? ಫರಿಷ್ತಾ ಬರೆದದ್ದು ಘಟನೆಯಾದ ಇನ್ನೂರು ವರ್ಷಗಳ ಮೇಲೆ. ಬಹಮನಿಗಳ ಚರಿತ್ರೆಗೆ ಆತ ಆಧಾರವಾಗಿ ಹಿಡಿದವರಲ್ಲಿ ಮುಲ್ಲಾ ದಾವೂದ್ ಬೀದರಿ ಒಬ್ಬ; ಆತನ ಗ್ರಂಥ ನಮ್ಮ ಕಾಲಕ್ಕೆ ಉಳಿದಿಲ್ಲ. ಫರಿಷ್ತಾ ರಾಯನನ್ನು ದೇವರಾಯನೆಂದು ಕರೆಯುತ್ತಾನೆ. 1398ರಲ್ಲಿ ಆಳುತ್ತಿದ್ದವನು ಇಮ್ಮಡಿ ಹರಿಹರ; ದೇವರಾಯ ಪಟ್ಟವೇರಿದ್ದು 1406ರಲ್ಲಿ. ಹರಿಹರ 1404ರಲ್ಲಿ ತೀರಿಕೊಂಡಾಗ ಸಿಂಹಾಸನಕ್ಕಾಗಿ ಪೈಪೋಟಿ ನಡೆಸಿದ ವಿರೂಪಾಕ್ಷ, ಬುಕ್ಕ, ದೇವರಾಯ ಈ ಮೂವರು ಮಕ್ಕಳೂ ಜೀವಂತವಾಗಿದ್ದರೆಂಬುದು ನಿಶ್ಚಯ. ಕೊಲೆಯಾದವನು ಬೇರೊಬ್ಬ ಮಗನಾಗಿರಬೇಕು, ಇಲ್ಲವೆ ಯಾರೋ ಸರದಾರನೊಬ್ಬನು ಕಥೆಯಲ್ಲಿ ರಾಜಪುತ್ರನಾಗಿರಬೇಕು. ಕಥೆಯ ಕಟ್ಟಡವೂ ನಮಗೆ ಹೊಸದಲ್ಲ. ನಮ್ಮ ಕಡೆಯ ದೊಡ್ಡಾಟದಲ್ಲಿ ಕೀಚಕವಧೆಯನ್ನು ಬೆಳಗಿನವರೆಗೆ ಕುಳಿತು ನೋಡಿದವನು ನಾನು. ನಾಟ್ಯಶಾಲೆ, ಕತ್ತಲು, ಸೀರೆಯುಟ್ಟ ಭೀಮ, ಕಾಮಾತುರನಾಗಿ ಬರುವ ಕೀಚಕ. ಖಾಜಿ ಸಿರಾಜನ ಕಥೆ ಹೇಳಿದ ಬಾಯಿಗಳಲ್ಲಿ ಈ ಆಟ ನೋಡಿ ಬಂದ ಬಾಯಿಗಳೂ ಇದ್ದಿರಬಹುದು. ಹಾಗೆಯೇ ಮುದ್ರಾರಾಕ್ಷಸದ ವಿಷಕನ್ಯೆ. ಕೆಂಪುನಾರಾಯಣ 1823ರಲ್ಲಿ ಮುಮ್ಮಡಿ ಕೃಷ್ಣರಾಜರ ಮೈಸೂರಿನಲ್ಲಿ ಮುದ್ರಾಮಂಜೂಷವನ್ನು ಬರೆದು ಆ ಕಥೆಯನ್ನು ಕನ್ನಡದ ಗದ್ಯಕ್ಕೆ ತಂದ. ಚಂದ್ರಗುಪ್ತನಿಗೆಂದು ಕಳುಹಿದ ಕನ್ಯೆಯನ್ನು ಚಾಣಕ್ಯ ಪರ್ವತಕನ ಕಡೆಗೆ ತಿರುಗಿಸುತ್ತಾನೆ. ಎರಡು ಪಕ್ಷದವರೂ ಅವಳನ್ನು ಬಾಣದಂತೆ ಎಸೆಯುತ್ತಾರೆ. ಆದುದರಿಂದ ಈ ಉಪಾಯ ಒಂದು ಮತದವರದು, ಒಂದು ಕುಲದವರದು ಎಂದು ಯಾರೂ ಹೆಮ್ಮೆಯನ್ನಾಗಲಿ ಹಗೆಯನ್ನಾಗಲಿ ಪಡಬೇಕಾಗಿಲ್ಲ.

ನನ್ನ ಮನಸ್ಸು ನಿಂತದ್ದು ಬೇರೆ ಕಡೆ. ವಿದ್ಯಾರ್ಥಿಯಾಗಿ ಓದಿದಾಗ ನಾನು ಖಾಜಿಯ ಬೆನ್ನ ಹಿಂದೆಯೇ ಹೋಗಿ, ಅವನೊಡನೆಯೇ ಡೇರೆಯ ಸೀಳಿನಿಂದ ಹೊರಬಿದ್ದಿದ್ದೆ. ಈಗ ಮತ್ತೆ ತೆಗೆದು ಓದಿದಾಗ, ದೀಪ ಆರಿದ ಡೇರೆಯಲ್ಲಿ ಒಬ್ಬಳು ಉಳಿದಿದ್ದಾಳೆಂಬುದು ಹೊಳೆಯಿತು. ಅವನನ್ನು ಕರೆತಂದವಳು ಅವಳು. ಅವನ ಆಟಕ್ಕೆ ಅಪ್ಪಣೆ ಬೇಡಿದವಳು ಅವಳು. ಅದನ್ನು ಕಂಡವರು ಆ ಡೇರೆಯಲ್ಲಿ ಎಷ್ಟೋ ಮಂದಿ. ಬೆಳಗಾದ ಮೇಲೆ ಅವಳ ಗತಿ ಏನಾಯಿತು? ಫರಿಷ್ತಾ ಹೇಳುವುದಿಲ್ಲ. ದಂಡಿನ ಲೆಕ್ಕ ಹೇಳುತ್ತಾನೆ, ಬೀಡಿನ ಉದ್ದಗಲ ಹೇಳುತ್ತಾನೆ, ಖಾಜಿಯ ಹೆಸರು ಹೇಳುತ್ತಾನೆ. ಅವಳ ಹೆಸರಿಲ್ಲ. ನರ್ತಕಿಯ ಹೆಸರನ್ನು ಹೇಳಬಾರದೆಂಬ ವ್ರತವೇನೂ ಆತನಿಗಿದ್ದಂತಿಲ್ಲ. ಇದೇ ಗ್ರಂಥದಲ್ಲಿ ಎಂಟು ವರ್ಷಗಳ ಮುಂದಿನ, 1406ರ ಯುದ್ಧವನ್ನು ಹೇಳುವಾಗ ಮುದಗಲ್ಲಿನ ಅಕ್ಕಸಾಲಿಗನ ಮಗಳಿಗೆ ಹೆಸರಿದೆ. ಪರ್ತಾಲ್ ಎಂದು ಅದನ್ನು ಓದುತ್ತಾರೆ. ರಾಯನ ಕಡೆಯಿಂದ ಬಂದ ಬ್ರಾಹ್ಮಣ ಕೊಡಹೋದ ಕಂಠಹಾರವನ್ನು ಅವಳು ಕೊರಳಿಗೆ ಹಾಕಿಕೊಳ್ಳಲಿಲ್ಲ, ಹಾಕಿಕೊಂಡಿದ್ದರೆ ಒಪ್ಪಿದಂತೆ. ಅವಳಿಗಾಗಿ ರಾಯ ದಂಡು ಕಳಿಸಿದ. ಆ ಯುದ್ಧದಲ್ಲಿ ಸೋತ. ಅವಳು ಸುಲ್ತಾನನ ಸೊಸೆಯಾದಳು. ಒಡವೆಯನ್ನು ಬೇಡವೆಂದವಳಿಗೆ ಚರಿತ್ರೆಯಲ್ಲಿ ಹೆಸರುಂಟು. ಮದ್ದಳೆಯನ್ನು ಕೈಯೆತ್ತಿ ಕೊಟ್ಟವಳಿಗೆ ಇಲ್ಲ.

ಈಗ ಷಾಂಘಾಯಿಗೆ ಮರಳೋಣ. ಆ ಚಿತ್ರದ ಹಿಂದೆ ಒಂದು ಸಣ್ಣ ಕಥೆಯಿದೆ. ಕಥೆಯ ಹಿಂದೆ, ಅನೇಕರು ನಂಬುವಂತೆ, ಒಂದು ನಿಜವಾದ ಸಾವಿದೆ. ಝೆಂಗ್ ಪಿಂಗ್‌ರು ಎಂಬ ತರುಣಿ 1918ರಲ್ಲಿ ಹುಟ್ಟಿದವಳು. ತಂದೆ ಷಾಂಘಾಯಿಯ ನ್ಯಾಯಾಂಗದಲ್ಲಿ ಅಧಿಕಾರಿ, ತಾಯಿ ಜಪಾನೀ. 1937ರಲ್ಲಿ, ಯುದ್ಧ ಹೊತ್ತಿಕೊಂಡ ಬೇಸಿಗೆಯಲ್ಲಿ, ಅಲ್ಲಿಯ ಹೆಸರಾಂತ ಸಚಿತ್ರ ಪತ್ರಿಕೆಯೊಂದರ ಮುಖಪುಟದಲ್ಲಿ ಅವಳ ಭಾವಚಿತ್ರ ಬಂದಿತ್ತು. ತಾಯಿಯ ಭಾಷೆ ಬಲ್ಲವಳಾದ್ದರಿಂದ ಜಪಾನೀ ಅಧಿಕಾರಿಗಳ ನಡುವೆ ಓಡಾಡಿ ಸುದ್ದಿ ತರುವ ಕೆಲಸ ಚೀನೀ ಗುಪ್ತದಳದಿಂದ ಅವಳ ಪಾಲಿಗೆ ಬಂತು. ಆ ಮೇಲೆ ದಿಂಗ್ ಮೊತ್ಸುನ್ ಎಂಬವನ ಸ್ನೇಹ ಬೆಳೆಸುವ ಕೆಲಸ. ಜೆಸ್‌ಫೀಲ್ಡ್ ರಸ್ತೆಯ 76ನೆಯ ನಂಬರಿನ ಮನೆಯೆಂದರೆ ಷಾಂಘಾಯಿ ನಡುಗುತ್ತಿತ್ತು. ಜಪಾನೀಯರ ಪರವಾಗಿ ಹಿಡಿದು ತಂದವರನ್ನು ಹಿಂಸಿಸಿ ಕೊಲ್ಲುವ ಆ ಮನೆಯ ಯಜಮಾನರಲ್ಲಿ ಆತ ಒಬ್ಬ. 1939ರ ಡಿಸೆಂಬರ್ 21ರಂದು ತುಪ್ಪಟದ ಕೋಟು ಕೊಳ್ಳುವ ನೆಪದಿಂದ ಅವನನ್ನು ಒಂದು ಅಂಗಡಿಗೆ ಕರೆತಂದಳು. ಹೊರಗೆ ಬಂದೂಕಿನವರು ಕಾದಿದ್ದರು. ಆತನಿಗೆ ಏನೋ ಸುಳಿವು ಸಿಕ್ಕಿತು. ಅಂಗಡಿಯಿಂದ ಓಡಿ, ಗುಂಡು ತೂರದ ತನ್ನ ಕಾರು ಹತ್ತಿ ಪಾರಾದ. ಅವಳನ್ನು ಹಿಡಿದರು. 1940ರ ಫೆಬ್ರವರಿಯಲ್ಲಿ ಗುಂಡಿಟ್ಟು ಕೊಂದರು. ಯುದ್ಧ ಮುಗಿದ ಮೇಲೆ ದಿಂಗನಿಗೂ ನ್ಯಾಯಾಲಯ ಮರಣದಂಡನೆ ವಿಧಿಸಿತು. 1947ರಲ್ಲಿ ಅದು ಜಾರಿಯಾಯಿತು.

ಝಾಂಗ್ ಐಲಿಂಗ್ ಎಂಬ ಪ್ರಸಿದ್ಧ ಲೇಖಕಿ ಅದೇ ಕಾಲದ ಷಾಂಘಾಯಿಯಲ್ಲಿ ಬಾಳಿದವಳು. ಅವಳ ಮೊದಲ ಗಂಡ ಜಪಾನೀಯರು ಕೂರಿಸಿದ ಸರಕಾರದ ಪ್ರಚಾರ ಇಲಾಖೆಯಲ್ಲಿದ್ದವನು. ಆ ಕಳಂಕವನ್ನು ಜನ ಅವಳಿಗೂ ಅಂಟಿಸಿದರು. 1950ರ ದಶಕದಲ್ಲಿ ಬರೆದ ಒಂದು ಚಿಕ್ಕ ಕಥೆಯನ್ನು ಆಕೆ ಎರಡು ದಶಕಕ್ಕೂ ಮೀರಿ ತಿದ್ದುತ್ತ ಇಟ್ಟುಕೊಂಡು ಎಪ್ಪತ್ತರ ದಶಕದ ಕೊನೆಗೆ ಪ್ರಕಟಿಸಿದಳು. ಕಥೆಯ ಚೀನೀ ಹೆಸರು ಎರಡೇ ಅಕ್ಷರ. ಮೊದಲನೆಯದಕ್ಕೆ ಬಣ್ಣ ಎಂದೂ ಕಾಮ ಎಂದೂ ಅರ್ಥ. ಎರಡನೆಯದು ಎಚ್ಚರ, ಸಂಯಮ, ವ್ರತ. ಉಂಗುರ ಎಂಬ ಪದದಲ್ಲಿ ಬರುವ ಅಕ್ಷರವೂ ಅದೇ. ಕನ್ನಡದಲ್ಲಿ ಈ ಶ್ಲೇಷೆಯನ್ನು ಹಿಡಿಯುವ ದಾರಿ ನನಗಂತೂ ಕಾಣದು.

ಈ ಕಥೆಯಲ್ಲಿಯೂ ಚಿತ್ರದಲ್ಲಿಯೂ ಹುಡುಗಿ ಒಬ್ಬ ವಿದ್ಯಾರ್ಥಿನಿ, ಹವ್ಯಾಸಿ ನಾಟಕದ ನಟಿ. ಹಾಂಗ್‌ಕಾಂಗಿನಲ್ಲಿ ಗೆಳೆಯರೊಡನೆ ದೇಶಪ್ರೇಮದ ನಾಟಕ ಆಡಿ ಚಪ್ಪಾಳೆ ಗಿಟ್ಟಿಸಿದವರು, ರಂಗದಿಂದ ಇಳಿದ ಮೇಲೆ ನಿಜವಾದ ಕೊಲೆಯ ನಾಟಕಕ್ಕೆ ಕೈಹಾಕುತ್ತಾರೆ. ಅವಳದು ಶ್ರೀಮಂತ ವ್ಯಾಪಾರಿಯ ಹೆಂಡತಿಯ ಪಾತ್ರ. ವಿವಾಹಿತೆಯ ಪಾತ್ರಕ್ಕೆ ಕನ್ಯೆಯ ದೇಹ ಒಗ್ಗದೆಂದು ಗೆಳೆಯರು ತಮ್ಮೊಳಗೇ ಮಾತಾಡಿ ತೀರ್ಮಾನಿಸುತ್ತಾರೆ. ಅವರಲ್ಲಿ ಅನುಭವಸ್ಥನೆನಿಸಿದ ಒಬ್ಬನಿಗೆ ಅವಳನ್ನು ಒಪ್ಪಿಸುತ್ತಾರೆ. ಚಿತ್ರದಲ್ಲಿ ನಾಚಿಕೆಗೆಟ್ಟದ್ದೆಂದು ಎಲ್ಲರೂ ಆಡಿಕೊಂಡದ್ದು ಶತ್ರುವಿನ ಮಂಚದ ದೃಶ್ಯಗಳನ್ನು. ನನಗೆ ಸಹಿಸಲಾಗದೆ ಹೋದದ್ದು ಈ ಸಂಗಾತಿಗಳ ಪಿಸುಮಾತು. ಶತ್ರುವಿನ ಮಂಚವಾದರೂ ಏನು? ದಿನವೆಲ್ಲ ಜನರನ್ನು ವಿಚಾರಣೆ ಮಾಡಿ ಹಿಂಸಿಸಿ ಬಂದವನು, ಯಾರನ್ನೂ ನಂಬದವನು, ಅಲ್ಲಿಯೂ ವಿಚಾರಣೆಯನ್ನೇ ನಡೆಸುತ್ತಾನೆ. ಅಲ್ಲಿ ಸುಳ್ಳು ಹೇಳಲು ಅವಳಿಗೆ ಮಾತಿನ ಆಸರೆಯಿಲ್ಲ. ಆ ದೃಶ್ಯಗಳನ್ನು ತೆಗೆದುಹಾಕಿದರೆ ಅಂಗಡಿಯ ದೃಶ್ಯ ಅರ್ಥವಾಗದು. ಚೀನಾದಲ್ಲಿ ಅವನ್ನು ಕತ್ತರಿಸಿಯೇ ತೋರಿಸಿದರು.

ಅಂಗಡಿಯ ಮಹಡಿಯಲ್ಲಿ ಗುಲಾಬಿ ಬಣ್ಣದ ವಜ್ರದ ಉಂಗುರ ಅವಳ ಬೆರಳಿನಲ್ಲಿದೆ. ಕೆಳಗೆ ಬೀದಿಯಲ್ಲಿ ಗೆಳೆಯರು ಕಾದಿದ್ದಾರೆ. ಅವನ ಮುಖದಲ್ಲಿ ಅವಳಿಗೆ ಪ್ರೀತಿಯಂಥದೇನೋ ಕಾಣುತ್ತದೆ. ಓಡಿಹೋಗು ಎಂದು ಮೆಲ್ಲಗೆ ಹೇಳಿಬಿಡುತ್ತಾಳೆ. ಅವನು ಓಡಿ ಉಳಿಯುತ್ತಾನೆ. ಅವಳನ್ನೂ ಅವಳ ಎಲ್ಲ ಗೆಳೆಯರನ್ನೂ ಅದೇ ರಾತ್ರಿ ಕೊಲ್ಲಿಸುತ್ತಾನೆ.

ಫರಿಷ್ತಾ ಕೇಳದ ಪ್ರಶ್ನೆಯನ್ನು ಝಾಂಗ್ ಕೇಳಿದಳೆಂದು ಆ ರಾತ್ರಿ ನನಗೆ ಬಹಳ ಸಂತೋಷವಾಯಿತು. ಗೂಢಚಾರರು ಬಾಗಿಲಾಗಿ ಬಳಸಿಕೊಂಡ ಹೆಣ್ಣನ್ನು ಆಕೆ ಕಥೆಯ ನಡುಮನೆಗೆ ತಂದು ಕೂರಿಸಿದ್ದಾಳೆ. ಅವಳು ಏನು ಕಂಡಳು, ಏನೆಂದುಕೊಂಡಳು ಎಂಬುದನ್ನೇ ಕಥೆಯಾಗಿಸಿದ್ದಾಳೆ. ಆದರೆ ಆ ಸಂತೋಷ ಪೂರ್ತಿಯಾಗಿ ಉಳಿಯಲಿಲ್ಲ. ಚಿತ್ರ ಬಂದಾಗ, 2007ರಲ್ಲಿ, ಅಮೆರಿಕದಲ್ಲಿ ನೆಲೆಸಿದ್ದ ಝೆಂಗ್ ಪಿಂಗ್‌ರುವಿನ ತಂಗಿ ಪತ್ರಕರ್ತರನ್ನು ಕರೆದು ಪ್ರತಿಭಟಿಸಿದ್ದರೆಂದು ಆಮೇಲೆ ಓದಿದೆ. ನನ್ನ ಅಕ್ಕ ದೇಶಕ್ಕಾಗಿ ಸತ್ತವಳು, ಕೊಲೆಗಾರನನ್ನು ಪ್ರೀತಿಸಿ ಬಿಟ್ಟುಕೊಟ್ಟವಳಲ್ಲ ಎಂಬುದು ಆ ವೃದ್ಧೆಯ ವಾದದ ಸಾರ. ತುಪ್ಪಟದ ಅಂಗಡಿಯಲ್ಲಿ ದಿಂಗ್ ತಪ್ಪಿಸಿಕೊಂಡದ್ದು ಅವನ ಸ್ವಂತ ಜಾಣತನದಿಂದ; ಅವಳು ಎಚ್ಚರಿಸಿದಳೆಂಬುದಕ್ಕೆ ಆಧಾರವಿಲ್ಲ. ಕಥೆಗಾರ್ತಿಗೆ ಕಲ್ಪಿಸುವ ಹಕ್ಕಿದೆ. ಕಥೆಯ ಹುಡುಗಿಯ ಹೆಸರೂ ಬೇರೆ. ಅದೆಲ್ಲ ಸರಿ. ಆದರೂ ಲೋಕದ ಕಣ್ಣಿಗೆ ಇಬ್ಬರೂ ಒಬ್ಬಳೇ ಆಗಿಬಿಟ್ಟರು. ಚರಿತ್ರಕಾರ ಒಬ್ಬಳನ್ನು ಬಾಯಿಲ್ಲದವಳನ್ನಾಗಿ ಬಿಟ್ಟ. ಕಥೆ ಇನ್ನೊಬ್ಬಳ ಬಾಯಲ್ಲಿ ಅವಳು ಆಡದ ಮಾತನ್ನು ಇಟ್ಟಿತು. ಇವುಗಳಲ್ಲಿ ಯಾವುದು ಹೆಚ್ಚಿನ ಅನ್ಯಾಯ? ನಾನು ಕಥೆಯ ಕಡೆಯವನೇ. ಕೃಷ್ಣೆಯ ದಂಡೆಯ ಆ ನರ್ತಕಿಗೆ ಒಬ್ಬ ಝಾಂಗ್ ಸಿಗಲಿಲ್ಲವಲ್ಲ ಎಂದು ಈಗಲೂ ಮರುಗುತ್ತೇನೆ. ಆದರೆ ಅವಳಿಗೂ ಒಬ್ಬ ತಂಗಿ ಇದ್ದು, ನನ್ನ ಮುಂದೆ ಬಂದು ನಿಂತರೆ, ಇಷ್ಟು ಧೈರ್ಯವಾಗಿ ಈ ಮಾತನ್ನು ಹೇಳುತ್ತಿದ್ದೆನೋ ಇಲ್ಲವೋ.

ಚಿತ್ರದ ತರುವಾಯದ ಒಂದು ಸಂಗತಿಯನ್ನೂ ಸೇರಿಸಬೇಕು. ನಾಯಕಿಯಾಗಿ ನಟಿಸಿದ ತಾಂಗ್ ವೇಯ್ ಎಂಬಾಕೆಗೆ ಅದು ಮೊದಲ ದೊಡ್ಡ ಚಿತ್ರ. 2008ರಲ್ಲಿ ಚೀನಾದ ಅಧಿಕಾರಿಗಳು ಆಕೆಯನ್ನು ದೂರದರ್ಶನದಲ್ಲಿ, ಜಾಹೀರಾತುಗಳಲ್ಲಿ ತೋರಿಸಕೂಡದೆಂದು ತಡೆದರು. ಆಕೆ ಕೆಲಕಾಲ ತೆರೆಮರೆಗೆ ಸರಿಯಬೇಕಾಯಿತು. ಅವೇ ದೃಶ್ಯಗಳಲ್ಲಿ ಜೊತೆಗಿದ್ದ ನಟ ಟೋನಿ ಲ್ಯೂಂಗನಿಗೆ ಅಂಥ ಶಿಕ್ಷೆ ಆಗಲಿಲ್ಲ. ಅವನ್ನು ಚಿತ್ರಿಸಿದ ನಿರ್ದೇಶಕನಿಗೂ ಆಗಲಿಲ್ಲ.

ಮೊನ್ನೆ ವಿಜಾಪುರದಿಂದ ಊರಿಗೆ ಮರಳುವಾಗ ಬಸ್ಸು ತೊರವೆಯಲ್ಲಿ ಸ್ವಲ್ಪ ಹೊತ್ತು ನಿಂತಿತು. ನವರಸಪುರದ ಕಡೆಗೆ ನೋಡುತ್ತ ಕುಳಿತಾಗ ಚಿತ್ರದ ಒಂದು ದೃಶ್ಯ ಕಣ್ಣಿಗೆ ಕಟ್ಟಿತು. ಒಡವೆಯ ಅಂಗಡಿಯಿಂದ ಹೊರಬಂದ ಹುಡುಗಿ ಒಂದು ರಿಕ್ಷಾ ಹತ್ತುತ್ತಾಳೆ. ಎಳೆಯುವವನು ಎಳೆಯ ಹುಡುಗ. ಅವನ ಗಾಡಿಗೆ ಸಿಕ್ಕಿಸಿದ ಕಾಗದದ ಗಿರಗಿಟ್ಟಲೆ ಗಾಳಿಗೆ ತಿರುಗುತ್ತಿದೆ. ಅಷ್ಟರಲ್ಲಿ ಪೊಲೀಸರು ಬೀದಿಗೆ ಅಡ್ಡಗಟ್ಟುತ್ತಾರೆ. ಒಬ್ಬ ಹೆಂಗಸು, ಮನೆಗೆ ಹೋಗಿ ಅಡುಗೆ ಮಾಡಬೇಕು, ಬಿಡಿ ಎಂದು ಬೇಡುತ್ತಿದ್ದಾಳೆ. ನಮ್ಮ ಹುಡುಗಿಯ ಅಂಗಿಯ ಕೊರಳಪಟ್ಟಿಯಲ್ಲಿ ಇಂಥ ಹೊತ್ತಿಗೆಂದೇ ಕೊಟ್ಟ ವಿಷದ ಗುಳಿಗೆಯಿದೆ. ಅದನ್ನು ತೆಗೆಯುತ್ತಾಳೆ, ನೋಡುತ್ತಾಳೆ, ನುಂಗುವುದಿಲ್ಲ. ಸುಮ್ಮನೆ ಕುಳಿತುಕೊಳ್ಳುತ್ತಾಳೆ.

ದೀಪ ಆರಿದ ಆ ಡೇರೆಯಲ್ಲಿಯೂ ಒಬ್ಬಳು ಹೀಗೆಯೇ ಕುಳಿತಿದ್ದಳೋ, ಅಥವಾ ಆ ಸೀಳನ್ನು ಕತ್ತಲಲ್ಲಿ ತಡವುತ್ತಿದ್ದಳೋ. ಅವಳ ಮದ್ದಳೆ ಅಲ್ಲಿಯೇ ಎಲ್ಲಿಯೋ ಕಾಲಿಗೆ ತಾಗುವಂತೆ ಬಿದ್ದಿರಬೇಕು.